ಮಾವನ ಸಿಮ್ಮು, ಅಳಿಯನ ನವೋದ್ಯಮ

ಏನನ್ನಾದರೂ ಸ್ಥಾಪಿಸುವ ಮೊದಲೇ ಸಂಸ್ಥಾಪಕರಾದ ಮನುಷ್ಯರನ್ನು ನಾನು ನೋಡಿರುವುದು ಒಬ್ಬರನ್ನೇ. ಅವರು ಧನಗೆರೆಯ ಸದಾಶಿವಪ್ಪನವರು, ನನಗೆ ಸದಾಶಿವಣ್ಣ. ಕೊಳ್ಳೇಗಾಲದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನದೊಂದು ಆನ್‌ಲೈನ್ ಅರ್ಜಿಗಳ ಅಂಗಡಿ ಇದೆ. ಜೆರಾಕ್ಸು, ಪಹಣಿ, ಆಧಾರ್ ತಿದ್ದುಪಡಿ, ಮದುವೆ ಕರೆಯೋಲೆ ಎಲ್ಲವೂ ಆಗುತ್ತದೆ. ಹೋದ ಬೇಸಿಗೆಯ ಒಂದು ಬೆಳಿಗ್ಗೆ ಸದಾಶಿವಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದು ನನ್ನ ಸ್ಟೂಲಿನ ಮೇಲೆ ಕುಳಿತರು.

“ಮಣಿ, ಇಸಿಟಿಂಗ್ ಕಾರ್ಡು ಒಡ್ಕೊಡು. ನನ್ನ ಎಸ್ರು, ಅದರ ಕೆಳಗೆ ಸಂಸ್ಥಾಪಕರು ಅಂತ ಆಕು.”

“ಯಾವ ಸಂಸ್ಥೆ ಅಣ್ಣ?”

“ಅದ ಆಮ್ಯಾಕ್ ನೋಡ್ಕಂಡ್ರಾಯ್ತು. ಮೊದ್ಲು ಒಂದ್ ನೂರು ಕಾರ್ಡು ಒಡಿ.”

ವಿಚಾರಿಸಿದಾಗ ತಿಳಿದದ್ದು ಇಷ್ಟು. ಹಿಂದಿನ ವಾರ ಒಂದು ಮದುವೆ ಊಟದ ಪಂಕ್ತಿಯಲ್ಲಿ ಬಂಡಳ್ಳಿಯ ಬಾಮೈದ ಶಾಂತಮೂರ್ತಿ ಎಲ್ಲರ ಎದುರಿಗೆ, “ಭಾವ ಈಗ ಏನ್ ಮಾಡ್ತಾ ಅವ್ರೆ?” ಎಂದು ಕೇಳಿದ್ದ. ಸದಾಶಿವಣ್ಣನ ಬಾಯಿಗೆ ರೇಷ್ಮೆ ಎಂಬ ಮಾತು ಬರಬೇಕಾದ ಜಾಗದಲ್ಲಿ ಸ್ಟಾರ್ಟಪ್ ಎಂಬ ಮಾತು ಬಂದುಬಿಟ್ಟಿತು. ಪಂಚಾಯಿತಿ ಗೋಡೆಗೆ ಅಂಟಿಸಿದ್ದ ಒಂದು ಚಿತ್ರವನ್ನು ಅವರು ಆವತ್ತೇ ಬೆಳಿಗ್ಗೆ ನೋಡಿದ್ದರು. ಬಲ್ಬಿನೊಳಗಿಂದ ಒಂದು ಸಸಿ ಮೊಳೆತಿರುವ ಚಿತ್ರ.

ಆ ಚಿತ್ರ ಸರ್ಕಾರದ್ದು. ಬೆಂಗಳೂರಿನ ಆಚೆಗೂ ತಲೆ ಇರುವ ಜನ ಇರಬಹುದೆಂಬ ಅನುಮಾನ ನಮ್ಮ ಸರ್ಕಾರಕ್ಕೆ ಬಂದು, ‘ನವೋದ್ಯಮ ಚಿಗುರು’ ಎಂಬ ಯೋಜನೆ ಹುಟ್ಟಿತ್ತು. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ತಾಲ್ಲೂಕಿನಲ್ಲಿ ಯಾರಾದರೂ ಹೊಸ ಯಂತ್ರವನ್ನೋ ಹೊಸ ಉಪಾಯವನ್ನೋ ಕಂಡುಹಿಡಿದಿದ್ದರೆ ಬಂದು ತೋರಿಸಬಹುದು. ಆಯ್ಕೆಯಾದವರಿಗೆ ಕೈಹಿಡಿಯಲು ಅನುದಾನ, ಜೊತೆಗೆ ಒಂದು ವರ್ಷ ಎಂಜಿನಿಯರುಗಳ ನೆರವು. ನನಗೆ ಸರ್ಕಾರದ ವೆಬ್‌ಸೈಟುಗಳ ಮೇಲೆ ಹಳೆಯ ಸಿಟ್ಟಿದೆ. ಹತ್ತು ಸಲ ಒತ್ತಿದರೂ ತಿರುಗುತ್ತಲೇ ಇರುವ ಆ ಚಕ್ರವನ್ನು ನೋಡಿ ನೋಡಿ ನನ್ನ ಕೂದಲು ಬೆಳ್ಳಗಾದವು. ಆದರೆ ಈ ಯೋಜನೆಯ ಪುಟ ಮೊದಲ ಸಲಕ್ಕೇ ತೆರೆದುಕೊಂಡಿತು. ಅಂದೇ ನನಗೆ ಅದರ ಮೇಲೆ ಗೌರವ ಹುಟ್ಟಿತು.

ಅರ್ಜಿ ತುಂಬಲು ಕುಳಿತೆವು.

“ನಿಮ್ಮ ಸ್ಪರ್ಧಿಗಳು ಯಾರು ಅಂತ ಕೇಳ್ತಾರೆ.”

“ಪಕ್ಕದ ತೋಟದ ದೊಡ್ಡಮಾದಪ್ಪ. ಗಡಿ ಕಲ್ಲು ಸರಿಸ್ದೋನೂ ಅವನೇ ಅಂತ ಸೇರ್ಸು.”

“ತಂಡದಲ್ಲಿ ಎಷ್ಟು ಜನ?”

“ನಾನು, ನಮ್ಮನೆಯವಳು. ರೇಷ್ಮೆ ಉಳಾನೂ ಸೇರ್ಸ್ಬೇಕಾ?”

“ಬೇಡ.”

“ಅಂಗಾರೆ ಇಬ್ರೇ.”

“ಐದು ವರ್ಷದ ನಂತರ ನಿಮ್ಮ ಉದ್ಯಮ ಎಲ್ಲಿರುತ್ತದೆ?”

“ಧನಗೆರೇಲೇ ಇರ್ತದೆ. ಇನ್ನೆಲ್ಲಿಗೆ ಓದದು?”

ನಾನು ಅದನ್ನು ‘ಸ್ಥಳೀಯ ನೆಲೆಗೆ ಸಂಪೂರ್ಣ ಬದ್ಧತೆ’ ಎಂದು ಬರೆದೆ. ಅರ್ಜಿ ತುಂಬುವುದೂ ಒಂದು ಕಲೆ, ಅದಕ್ಕೆ ಯಾವ ಸರ್ಕಾರವೂ ಪ್ರಶಸ್ತಿ ಇಟ್ಟಿಲ್ಲ.

ಆದರೆ ಇದೆಲ್ಲ ಬರೀ ಜಂಬದ ವಿಷಯವಾಗಿರಲಿಲ್ಲ. ಸದಾಶಿವಣ್ಣನ ಹೆಂಡತಿ ಪುಟ್ಟಬಸಮ್ಮ ಒಂದು ತೀರ್ಪು ಕೊಟ್ಟಾಗಿತ್ತು. ಅವರ ರೇಷ್ಮೆಹುಳುವಿನ ಮನೆಯಲ್ಲಿ ಸಾಲಾಗಿ ಎರಡು ಬೆಳೆ ಸೆಕೆಗೆ ಸಿಕ್ಕಿ ಹೋಗಿದ್ದವು. ಎರಡು ಸಲವೂ ಕಥೆ ಒಂದೇ. ನಡುಮಧ್ಯಾಹ್ನ ಪುಟ್ಟಬಸಮ್ಮ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕುಯ್ಯುತ್ತಿದ್ದರು. ಹುಳುವಿನ ಮನೆಯ ಸೆಕೆ ನೋಡಿಕೊಂಡು ಕಿಟಕಿಗೆ ಒದ್ದೆ ಗೋಣಿ ಕಟ್ಟಬೇಕಾದ ಸದಾಶಿವಣ್ಣ ಒಂದು ಸಲ ಟೀ ಅಂಗಡಿಯಲ್ಲಿದ್ದರು, ಇನ್ನೊಂದು ಸಲ ಜಗಲಿಯ ಮೇಲೆಯೇ ಇದ್ದರು, ಆದರೆ ನಿದ್ದೆಯಲ್ಲಿದ್ದರು.

“ಇದೊಂದು ಬೆಳೆ ನೋಡ್ತೀನಿ” ಎಂದಿದ್ದರು ಪುಟ್ಟಬಸಮ್ಮ. “ಇದೂ ಓಯ್ತೋ, ಸೊಪ್ಪಿನ ತೋಟ ಪೂರಾ ಕಿತ್ತಾಕ್ಸಿ ತೆಂಗಿನ ಸಸಿ ಇಡ್ತೀನಿ. ತೆಂಗಿನ ಮರಾನ ನೀವ್ ನಿದ್ದೆ ಮಾಡ್ಕಂಡೂ ಕಾಯ್ಬೋದು.”

ಸದಾಶಿವಣ್ಣನಿಗೆ ಹುಳುವೆಂದರೆ ಪ್ರಾಣ. ಎಚ್ಚರವಿದ್ದಾಗ ಅವರಷ್ಟು ಪ್ರೀತಿಯಿಂದ ಹುಳು ನೋಡುವವರನ್ನು ನಾನು ಕಂಡಿಲ್ಲ. ಎಚ್ಚರವಿರುವುದೇ ಕಷ್ಟವಾಗಿತ್ತು. ಹಾಗಾಗಿ ತಮ್ಮ ಬದಲು ಎಚ್ಚರವಿರುವ ಒಂದು ಯಂತ್ರವನ್ನು ಮಾಡಬೇಕೆಂದು ಅವರು ಹೊರಟರು. ಇದಕ್ಕಿಂತ ಪ್ರಾಮಾಣಿಕವಾದ ಕಾರಣ ಯಾವ ಸಂಶೋಧನೆಗೂ ಇರಲಾರದು.

ಗುಜರಿ ಅಂಗಡಿಯಲ್ಲಿ ಅವರಿಗೆ ಒಂದು ಕಳ್ಳರ ಅಲಾರಂ ಸಿಕ್ಕಿತು. ಯಾವುದೋ ಒಡವೆ ಅಂಗಡಿಯದು. ಕಳ್ಳ ನುಗ್ಗಿದರೆ ಅದು ಅಂಗಡಿಯವನಿಗೆ ಫೋನ್ ಮಾಡುತ್ತದೆ. ಅದರೊಳಗೆ ಒಂದು ಸಿಮ್ ಹಾಕಬೇಕು. ಸಿಮ್ಮಿನಲ್ಲಿ ಯಾರ ಯಾರ ನಂಬರುಗಳಿವೆಯೋ ಅವರಿಗೆಲ್ಲ ಅದು ಸಾಲಾಗಿ ಫೋನ್ ಮಾಡುತ್ತದೆ. ಮೊದಲನೆಯವರು ಎತ್ತಿದರೆ ಅಲ್ಲಿಗೆ ಸುಮ್ಮನಾಗುತ್ತದೆ, ಎತ್ತದಿದ್ದರೆ ಎರಡನೆಯವರಿಗೆ. ಒಳಗಿನ ಸದ್ದು ಆಚೆಗೆ ಕೇಳಲೆಂದು ಒಂದು ಮೈಕೂ ಇತ್ತು. ಆಚೆಯವರ ಮಾತು ಒಳಗೆ ಕೇಳುವ ವ್ಯವಸ್ಥೆ ಇರಲಿಲ್ಲ. ಅದಕ್ಕೆ ಕಿವಿ ಮಾತ್ರ ಇತ್ತು, ಬಾಯಿ ಇರಲಿಲ್ಲ. ಸದಾಶಿವಣ್ಣ ಕಳ್ಳನನ್ನು ಕಂಡುಹಿಡಿಯುವ ಭಾಗವನ್ನು ಕಿತ್ತು, ಕೋಳಿಮರಿ ಮಾಡಿಸುವ ಪೆಟ್ಟಿಗೆಯಲ್ಲಿ ಸೆಕೆ ಅಳೆಯುವ ಸಾಧನವನ್ನು ಆ ಜಾಗಕ್ಕೆ ಜೋಡಿಸಿದರು. ಕರೆಂಟು ಹೋದರೂ ನಡೆಯಲೆಂದು ನನ್ನ ಅಂಗಡಿಯ ಹಳೆಯ ಬ್ಯಾಟರಿಯನ್ನು ಒಯ್ದರು. ಯಾರ ಹತ್ತಿರವೂ ಕಲಿಯದ ಮನುಷ್ಯ, ಒಂದು ತಿರುಪುಳಿ ಹಿಡಿದುಕೊಂಡು ಇಷ್ಟು ಮಾಡಿದ್ದನ್ನು ನೋಡಿ ನಾನು ನಿಜವಾಗಿಯೂ ಬೆರಗಾದೆ.

ಪರೀಕ್ಷೆಗೆ ನನ್ನ ಇನ್ನೊಂದು ಸಿಮ್ ಕೊಟ್ಟೆ. ಅದರಲ್ಲಿ ಇದ್ದದ್ದು ಅವರದೊಂದೇ ನಂಬರು. ಯಂತ್ರದ ಪೆಟ್ಟಿಗೆಯ ಪಕ್ಕಕ್ಕೆ ಬಿಸಿನೀರಿನ ತಪ್ಪಲೆ ಇಟ್ಟ ಅರ್ಧ ನಿಮಿಷಕ್ಕೆ ಅವರ ಜೇಬು ಹೊಡೆದುಕೊಂಡಿತು.

“ಉಳದ ಮನೆ ನಂಗೆ ಫೋನ್ ಮಾಡ್ತು ಕಣ್ಲಾ ಮಣಿ!” ಎಂದು ಆ ಮನುಷ್ಯ ನನ್ನನ್ನು ತಬ್ಬಿಕೊಂಡು ಕುಣಿದರು.

ನನ್ನ ಸಿಮ್ ನಾನು ವಾಪಸು ತೆಗೆದುಕೊಂಡೆ. ಓಟಿಪಿಗಳು ಅದಕ್ಕೇ ಬರುತ್ತವೆ. “ಯಾವುದಾದರೂ ಚಾಲ್ತಿ ಸಿಮ್ ಹಾಕ್ಕೊಳ್ಳಿ ಅಣ್ಣ” ಎಂದೆ. ಇಷ್ಟು ಹೇಳಿದ್ದೇ ನನ್ನ ತಪ್ಪು.

ಸದಾಶಿವಣ್ಣನ ಮಾವ ಬಂಡಳ್ಳಿಯ ಗುರುಪಾದಸ್ವಾಮಿಯವರು ತೀರಿಕೊಂಡು ಎರಡು ವರ್ಷವಾಗಿತ್ತು. ಬದುಕಿದ್ದಾಗ ಅವರು ಫೋನ್ ಮಾಡಿದರೆ ಮಕ್ಕಳು ಎರಡನೆಯ ರಿಂಗಿಗೇ ಎತ್ತಬೇಕಿತ್ತು. ಮೂರನೆಯದಾದರೆ ಮುಂದಿನ ಹಬ್ಬದವರೆಗೂ ಆ ಮಾತು ನಡೆಯುತ್ತಿತ್ತು. ಅವರ ನಂಬರು ಜಮೀನಿನ ಕಾಗದ, ಬ್ಯಾಂಕು, ಗ್ಯಾಸು ಎಲ್ಲಕ್ಕೂ ಜೋಡಣೆಯಾಗಿದ್ದರಿಂದ ಹಿರಿಮಗಳು ಪುಟ್ಟಬಸಮ್ಮ ಅದಕ್ಕೆ ರೀಚಾರ್ಜ್ ಹಾಕಿಸುತ್ತಾ, ಸಿಮ್ಮನ್ನು ಅಪ್ಪನ ಕನ್ನಡಕದ ಜೊತೆ ದೇವರ ಗೂಡಿನ ಡಬ್ಬಿಯಲ್ಲಿ ಇಟ್ಟಿದ್ದರು. ಇನ್ನೊಂದು ಸಿಮ್ಮಿಗೆ ಇನ್ನೊಂದು ರೀಚಾರ್ಜ್ ಯಾಕೆ ಎಂದುಕೊಂಡ ಸದಾಶಿವಣ್ಣ, ಹೆಂಡತಿ ತೋಟಕ್ಕೆ ಹೋದಾಗ ಅದನ್ನು ತೆಗೆದು ಪೆಟ್ಟಿಗೆಗೆ ಹಾಕಿದರು. ಡಬ್ಬಿ ಖಾಲಿ ಕಾಣಬಾರದೆಂದು ಸತ್ತುಹೋದ ಬೇರೊಂದು ಸಿಮ್ಮನ್ನು ಅದರ ಜಾಗದಲ್ಲಿಟ್ಟರು. ಯಂತ್ರ ಯಾವ ಸಿಮ್ ಹಾಕಿದರೂ ತಮಗೇ ಫೋನ್ ಮಾಡುತ್ತದೆಂದು ಅವರು ನಂಬಿದ್ದರು. ಮಾವನ ಸಿಮ್ಮಿನಲ್ಲಿ ಹದಿನಾಲ್ಕು ನಂಬರುಗಳಿದ್ದವು. ಅಳಿಯನದು ಇರಲಿಲ್ಲ.

ಮೊದಲ ನಂಬರು ಯಳಂದೂರಿಗೆ ಕೊಟ್ಟಿದ್ದ ಕಿರಿಮಗಳು ಮಹಾದೇವಮ್ಮನದು.

ಬುಧವಾರ ಮಧ್ಯಾಹ್ನ ಹನ್ನೆರಡೂವರೆಗೆ ಮಹಾದೇವಮ್ಮ ಗಂಡನಿಗೆ ಮುದ್ದೆ ಬಡಿಸುತ್ತಿದ್ದಾಗ ಫೋನ್ ಬಂತು. ಪರದೆಯ ಮೇಲೆ ‘ಅಪ್ಪ’ ಎಂದಿತ್ತು. ಆಕೆಗೆ ಹೆದರಿಕೆ ಆಮೇಲೆ ಬಂತು. ಮೊದಲು ಕೈ ತಾನಾಗಿಯೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತು, ಎರಡನೆಯ ರಿಂಗಿಗೆ ಫೋನ್ ಎತ್ತಿತು. ಆಚೆ ಕಡೆ ಮಾತಿಲ್ಲ. ಒಣಗಿದ ಎಲೆಗಳ ಮೇಲೆ ಯಾರೋ ಮೆತ್ತಗೆ ನಡೆದಾಡುವ ಸದ್ದು.

“ಅಪ್ಪಾಜಿ?” ಎಂದಳು ಮಹಾದೇವಮ್ಮ. ಸದ್ದು ನಡೆಯುತ್ತಲೇ ಇತ್ತು. “ಉಂಡ್ರಾ ಅಪ್ಪಾಜಿ?” ಎಂದು ಕೇಳಿ, ಹಾಗೇ ಗೋಡೆಗೆ ಒರಗಿ ಕುಳಿತುಬಿಟ್ಟಳು. ಅವಳ ಗಂಡ ಮುದ್ದೆಯ ತುತ್ತನ್ನು ಬಾಯಿಯ ಹತ್ತಿರ ಹಿಡಿದುಕೊಂಡು ಐದು ನಿಮಿಷ ಹಾಗೇ ಇದ್ದನಂತೆ.

ಧನಗೆರೆಯಲ್ಲಿ ಆಗ ಏನಾಗುತ್ತಿತ್ತು? ಹುಳುಗಳಿಗೆ ಗೂಡು ಕಟ್ಟಲು ಇನ್ನೊಂದು ವಾರವಿತ್ತು. ಹೊತ್ತುಗೊತ್ತಿಲ್ಲದೆ ಮೇಯುವ ಕಾಲ. ಸದಾಶಿವಣ್ಣ ಫೋನನ್ನು ಎದೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಮಲಗಿದ್ದರು. ಫೋನ್ ಬರಲಿಲ್ಲವಾದ್ದರಿಂದ ಮನೆ ತಣ್ಣಗಿದೆ ಎಂಬ ನೆಮ್ಮದಿ. ಒಂದು ಗಂಟೆಗೆ ಪುಟ್ಟಬಸಮ್ಮ ಸೊಪ್ಪಿನ ಹೊರೆ ಹೊತ್ತು ಬಂದು, ಎಂದಿನಂತೆ ತಾವೇ ಗೋಣಿ ಒದ್ದೆ ಮಾಡಿ ಕಟ್ಟಿದರು. ಯಂತ್ರ ತಣ್ಣಗಾಗಿ ಸುಮ್ಮನಾಯಿತು.

ಗುರುವಾರವೂ ಅದೇ ಹೊತ್ತಿಗೆ ‘ಅಪ್ಪ’ ಬಂದರು. ಈ ಸಲ ಮಹಾದೇವಮ್ಮ ಬಾಗಿಲು ಹಾಕಿಕೊಂಡು, ಅತ್ತೆಯ ವಿಷಯ, ಮಗಳ ಓದಿನ ವಿಷಯ, ಗಂಡ ಮಾತೇ ಆಡದ ವಿಷಯ ಎಲ್ಲವನ್ನೂ ಹೇಳಿಕೊಂಡಳು. ಬದುಕಿದ್ದಾಗ ಗುರುಪಾದಸ್ವಾಮಿಯವರು ಮಗಳ ಮಾತನ್ನು ಇಷ್ಟು ಹೊತ್ತು ತಡೆಯದೆ ಕೇಳಿದ ದಾಖಲೆ ಇಲ್ಲ. ಮಾತು ಮುಗಿದ ಮೇಲೆ ಅವಳಿಗೆ ಮನಸ್ಸು ಹಗುರವಾಯಿತು, ಹೆದರಿಕೆಯೂ ಆಯಿತು. ಅಣ್ಣ ಶಾಂತಮೂರ್ತಿಗೆ ಫೋನ್ ಮಾಡಿದಳು. ಅವನು ನಕ್ಕ. “ನಿಂಗ ಬಿಸ್ಲು ತಲೆಗೇರದೆ, ಮಜ್ಜಿಗೆ ಕುಡಿ” ಎಂದ.

ಶುಕ್ರವಾರ ಮಹಾದೇವಮ್ಮ ಭಯಕ್ಕೆ ಫೋನನ್ನು ಅಕ್ಕಿ ಡಬ್ಬದೊಳಗೆ ಹೂತಿಟ್ಟಳು. ಯಂತ್ರ ಎರಡನೆಯ ನಂಬರಿಗೆ ಹೋಯಿತು. ಶಾಂತಮೂರ್ತಿ ಆಗ ಹನೂರಿನಲ್ಲಿ ಪೈಪಿನ ಅಂಗಡಿಯಲ್ಲಿ ಚೌಕಾಸಿ ಮಾಡುತ್ತಿದ್ದ. ಫೋನ್ ನೋಡಿದವನೇ ಚಪ್ಪಲಿ ಬಿಟ್ಟು ನಿಂತ. ಅಂಗಡಿಯಲ್ಲಿ ಆರೇಳು ಜನ ಗಿರಾಕಿಗಳಿದ್ದರು. ಎಲೆಗಳ ಮೇಲಿನ ನಡಿಗೆ ಅವನ ಕಿವಿಗೂ ಬಿತ್ತು.

“ನಾನೇ ಅಪ್ಪಾಜಿ!” ಎಂದು ಕೂಗಿದ. “ಆ ಉಣ್ಸೆಮರ ಗಾಳಿಗೆ ಬೀಳ್ನಿಲ್ಲ, ನಾನೇ ಕಡ್ಸ್ದಿ! ಮಾರಿ ಬೈಕು ತಕಂಡೆ! ತೆಪ್ಪಾಯ್ತು, ಇನ್ನೊಂದು ಗಿಡ ನೆಡ್ತೀನಿ!”

ಅಂಗಡಿಯವನು ಆವತ್ತು ಅವನಿಗೆ ಕೇಳಿದ ಬೆಲೆಗೇ ಪೈಪು ಕೊಟ್ಟ. ಅಷ್ಟು ನಿಜ ಹೇಳುವ ಗಿರಾಕಿ ಅವನಿಗೆ ಅದಕ್ಕೆ ಮೊದಲು ಸಿಕ್ಕಿರಲಿಲ್ಲವಂತೆ.

ಶನಿವಾರ ಅಣ್ಣನ ಫೋನೂ ಅಕ್ಕಿ ಡಬ್ಬ ಸೇರಿತು. ಮೂರನೆಯ ನಂಬರು ಕೌದಳ್ಳಿಯ ಒಬ್ಬ ದನದ ದಲ್ಲಾಳಿಯದು. ಗುರುಪಾದಸ್ವಾಮಿಯವರಿಗೆ ಒಂದು ಮುದಿ ಎತ್ತನ್ನು ಹರೆಯದ್ದೆಂದು ಮಾರಿದ್ದವನು. ಅವನು ಫೋನ್ ಇಟ್ಟವನೇ ಸಿಕ್ಕಿದ ಬಸ್ಸು ಹತ್ತಿ ಮಾದಪ್ಪನ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು ಬಂದ. ನಾನಿದನ್ನು ಒಪ್ಪಲೇಬೇಕು. ಅಲ್ಲಿಯವರೆಗೆ ಯಾವ ಸರ್ಕಾರಿ ಯೋಜನೆಯೂ ನಾಲ್ಕೇ ದಿನದಲ್ಲಿ ಎರಡು ತಾಲ್ಲೂಕಿನ ಜನರಲ್ಲಿ ಇಷ್ಟು ಸುಧಾರಣೆ ತಂದಿರಲಿಲ್ಲ.

ಭಾನುವಾರ ಅಣ್ಣ ತಂಗಿ ಇಬ್ಬರೂ ಧನಗೆರೆಗೆ ಬಂದರು.

“ಅಕ್ಕ, ಅಪ್ಪಾಜಿ ನಡ್ಯಾಡ್ತಾ ಅವ್ರೆ” ಎಂದು ಮಹಾದೇವಮ್ಮ ಅತ್ತಳು.

“ಅಪ್ಪಾಜಿ ಸಿಮ್ಮು ನನ್ನತ್ರ ಅದೆ, ಯಾರ್ ಮಾಡಕಾಯ್ತದೆ?” ಎಂದು ಪುಟ್ಟಬಸಮ್ಮ ಡಬ್ಬಿ ತೆರೆದು ತೋರಿಸಿದರು. ಸಿಮ್ ಅಲ್ಲೇ ಇತ್ತು. ಅಲ್ಲಿಗೆ ಎಲ್ಲರಿಗೂ ಸಂಶಯ ಪರಿಹಾರವಾಯಿತು. ಸಿಮ್ ಇಲ್ಲದೆ ಫೋನ್ ಮಾಡುವವರು ಮನುಷ್ಯರಲ್ಲ. ಮಠದ ಅಯ್ಯನವರನ್ನು ಕೇಳಿ ಆಗಲೇ ಉಪಾಯ ತಂದಿದ್ದರು. ಸೋಮವಾರ ಮಧ್ಯಾಹ್ನ ಬಂಡಳ್ಳಿಯ ಸಮಾಧಿಗೆ ಪೂಜೆ ಮಾಡಿ, ಹಿರಿಮಗಳೇ ಎಡೆ ಇಡಬೇಕು.

“ನಾಕ್ ದಿನಕ್ಕೆ ಉಳ ಅಣ್ಣಾಗಿ ಗೂಡು ಕಟ್ತವೆ, ಬುಟ್ಟು ಎಂಗ್ ಬರ್ಲಿ?” ಎಂದರು ಪುಟ್ಟಬಸಮ್ಮ.

ಬಾಗಿಲ ಮರೆಯಲ್ಲಿ ಸದಾಶಿವಣ್ಣ ಬೆವರುತ್ತಾ ನಿಂತಿದ್ದರು. ದೇವರ ಗೂಡಿನಿಂದ ಸಿಮ್ ಕದ್ದಿದ್ದಕ್ಕೆ ಮಾವ ಕೆರಳಿದ್ದಾರೆಂದು ಅವರಿಗೆ ಖಾತ್ರಿಯಾಗಿತ್ತು. ಪೂಜೆಯಾದರೂ ಆಗಲಿ ಎಂದು, “ನೀ ಓಗು. ನಾನು ಮಿಸಿನ್ ಮಡಗಿವ್ನಿ. ಸೆಕೆ ಆದ್ರೆ ಫೋನ್ ಮಾಡ್ತದೆ, ಕೊಳ್ಳೇಗಾಲದಿಂದ ಓಡ್ ಬತ್ತೀನಿ” ಎಂದರು. ಸೋಮವಾರವೇ ಕೊಳ್ಳೇಗಾಲದಲ್ಲಿ ಯೋಜನೆಯವರ ಆಯ್ಕೆ ಸಭೆ.

ಪುಟ್ಟಬಸಮ್ಮ ಗಂಡನ ಮುಖವನ್ನು ಬಹಳ ಹೊತ್ತು ನೋಡಿದರು. “ಉಳಕ್ಕೇನಾರ ಆಗ್ಲಿ, ಆಮೇಲ್ ಅದೆ” ಎಂದು ಒಪ್ಪಿದರು.

ಅಂದು ಸಂಜೆ ಸದಾಶಿವಣ್ಣ ನನ್ನ ಅಂಗಡಿಗೆ ಬಂದು, “ಮಣಿ, ಸತ್ತೋರ್ಗೂ ಸಿಮ್ಮಿಗೂ ಏನಾರ ಸಂಬಂಧ ಇರ್ತದಾ?” ಎಂದು ಕೇಳಿದರು. ನಾನು ಯಾರದೋ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಮುಳುಗಿದ್ದೆ. “ಆಧಾರ್ ಲಿಂಕ್ ಆಗಿದ್ರೆ ಇರ್ತದೆ” ಎಂದೆ. ಅವರು ಎದ್ದು ಹೋದರು.

ಸೋಮವಾರದ ಸಭೆಗೆ ಮೂರು ತಾಲ್ಲೂಕಿನಿಂದ ನಲವತ್ತು ಜನ ಬಂದಿದ್ದರು. ನಾನು ಗೇಲಿ ಮಾಡಲೆಂದೇ ಹೋಗಿದ್ದವನು ಸುಮ್ಮನಾದೆ. ಬೈಕಿನ ಎಂಜಿನ್ನಿಗೆ ರಾಗಿ ಒಕ್ಕುವ ಯಂತ್ರ ಕಟ್ಟಿದವನಿದ್ದ. ಹಂದಿ ಬಂದರೆ ತಾನೇ ತಮಟೆ ಬಡಿಯುವ ಬೊಂಬೆ ಮಾಡಿದ್ದ ಹನೂರಿನ ಹೆಂಗಸಿದ್ದಳು. ಒಬ್ಬೊಬ್ಬರ ಮಾತನ್ನೂ ಕುರ್ಚಿಯ ತುದಿಯಲ್ಲಿ ಕುಳಿತು ಕೇಳುತ್ತಿದ್ದವರು ಯೋಜನೆಯ ಅಧಿಕಾರಿ ನಾಗಶ್ರೀ. ವಯಸ್ಸು ಮೂವತ್ತು ದಾಟಿರಲಿಕ್ಕಿಲ್ಲ, ನಮ್ಮ ಜಿಲ್ಲೆಯವರೇ. ಯಾರಾದರೂ ಮಾತು ತಡವರಿಸಿದರೆ “ನಿಧಾನಕ್ ಹೇಳಿ, ಇನ್ನೂ ಹೊತ್ತದೆ” ಎನ್ನುತ್ತಿದ್ದರು. ಸರ್ಕಾರಿ ಬಾಯಿಂದ ಆ ಮಾತು ಕೇಳಿ ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಅವರ ಪಕ್ಕದಲ್ಲಿ ಬೆಂಗಳೂರಿನಿಂದ ಬಂದ ಒಬ್ಬ ದಪ್ಪ ಕನ್ನಡಕದ ಪ್ರೊಫೆಸರಿದ್ದರು.

ಮಧ್ಯಾಹ್ನ ಒಂದು ಗಂಟೆಗೆ ಸದಾಶಿವಣ್ಣನ ಸರದಿ ಬಂತು. ಹೊರಗೆ ಬಿಸಿಲು ರಾಚುತ್ತಿತ್ತು.

“ಸೆಕೆ ಆದ್ರೆ ಮಿಸಿನ್ನು ನಂಗೆ ಫೋನ್ ಮಾಡ್ತದೆ ಸಾ” ಎಂದರು ಮೈಕಿನಲ್ಲಿ.

“ಹುಳುವಿನ ಮನೆಯಲ್ಲಿಟ್ಟ ಮೇಲೆ ಎಷ್ಟು ಸಲ ಮಾಡಿದೆ?” ಎಂದರು ಪ್ರೊಫೆಸರು.

“ಒಂದ್ ಸಲಾನೂ ಇಲ್ಲ ಸಾ. ಅಷ್ಟು ತಣ್ಣಗ್ ಮಡಗದೆ!”

ಸಭೆ ನಕ್ಕಿತು. ಅಷ್ಟರಲ್ಲಿ ಅವರ ಜೇಬು ಹೊಡೆದುಕೊಂಡಿತು. ಸದಾಶಿವಣ್ಣನ ಮುಖ ಬೆಳಗಿತು. “ನೋಡಿ, ಅದೇ! ಎಲ್ರೂ ಕೇಳ್ಬೋದು!” ಎಂದು ಹೆಸರನ್ನೂ ನೋಡದೆ ಸ್ಪೀಕರ್ ಹಾಕಿ ಮೈಕಿಗೆ ಹಿಡಿದರು.

“ರೀ!” ಎಂದಿತು ಇಡೀ ಸಭಾಂಗಣ. “ಎಲ್ ಸತ್ತಿದ್ದೀರಿ? ಉಳ ಮೇವು ಬುಟ್ಟವೆ! ಓಡ್ರಿ!”

ಪುಟ್ಟಬಸಮ್ಮನ ಧ್ವನಿ.

“ನೀ ಬಂಡಳ್ಳೀಲಿದ್ದೀಯಲ್ಲ, ನಿಂಗೆಂಗೆ ಗೊತ್ತಾಯ್ತು?”

“ಅಪ್ಪಾಜಿ ಫೋನ್ನಾಗ್ ಕೇಳ್ತು!”

ಬಂಡಳ್ಳಿಯಲ್ಲಿ ಆದದ್ದನ್ನು ನಾನು ಆಮೇಲೆ ಮೂವರ ಬಾಯಿಂದ ಕೇಳಿದೆ. ಸಮಾಧಿಯ ಮುಂದೆ ಎಡೆ ಇಟ್ಟು, ಎಲ್ಲರೂ ಕಣ್ಣು ಮುಚ್ಚಿ ಕೈಮುಗಿದಿದ್ದ ಹೊತ್ತಿಗೆ ಸರಿಯಾಗಿ ಮಹಾದೇವಮ್ಮನ ಬ್ಯಾಗಿನಲ್ಲಿ ಫೋನ್ ಹೊಡೆದುಕೊಂಡಿತು. ಪರದೆಯ ಮೇಲೆ ‘ಅಪ್ಪ’. ಮಹಾದೇವಮ್ಮ ಅದನ್ನು ಕೆಂಡದ ಹಾಗೆ ಅಕ್ಕನ ಮಡಿಲಿಗೆ ಎಸೆದಳು. ಶಾಂತಮೂರ್ತಿ ಸಮಾಧಿಗೆ ಅಡ್ಡಬಿದ್ದವನು ಏಳಲಿಲ್ಲ. ಅಪ್ಪನಿಗೆ ಹೆದರದ ಮಗಳೆಂದರೆ ಪುಟ್ಟಬಸಮ್ಮ ಒಬ್ಬರೇ. ಅವರು ಫೋನ್ ಎತ್ತಿ ಕಿವಿಗಿಟ್ಟರು.

ಉಳಿದವರಿಗೆಲ್ಲ ನಡಿಗೆಯಾಗಿ ಕೇಳಿದ ಸದ್ದನ್ನು ಆ ಹೆಂಗಸು ಮೂವತ್ತು ವರ್ಷದಿಂದ ಕೇಳುತ್ತಾ ಬಂದಿದ್ದರು. ಹುಳು ಸೊಪ್ಪು ಮೇಯುವ ಸದ್ದು ಅದು, ಅವರದೇ ಮನೆಯದು. ಆದರೆ ಆ ಸದ್ದು ಬಿಟ್ಟು ಬಿಟ್ಟು ಬರುತ್ತಿತ್ತು, ಕೇಳುತ್ತಿದ್ದ ಹಾಗೇ ನಿಲ್ಲುತ್ತಾ ಬಂತು. ಫೋನಿನಲ್ಲಿರುವುದು ಯಾರು, ಯಾಕೆ, ಹೇಗೆ ಎಂದು ಅವರು ಒಂದು ಕ್ಷಣವೂ ಯೋಚಿಸಲಿಲ್ಲ. ಹುಳುವಿಗೆ ಸೆಕೆಯಾಗಿದೆ, ಅಷ್ಟೇ.

ಸದಾಶಿವಣ್ಣ ಮೈಕನ್ನು ಕೈಯಲ್ಲೇ ಹಿಡಿದುಕೊಂಡು ವೇದಿಕೆಯಿಂದ ಧುಮುಕಿದರು. ತಂತಿ ಎಳೆದು ಸ್ಪೀಕರು ಬಿತ್ತು. ಅವರ ಸ್ಕೂಟರು ಎಂದಿನಂತೆ ಆ ಹೊತ್ತಿಗೆ ಸರಿಯಾಗಿ ಕೈಕೊಟ್ಟಿತು. ಒದ್ದು ಒದ್ದು ಅವರ ಕಣ್ಣಲ್ಲಿ ನೀರು ಬಂತು.

“ಜೀಪ್ ಹತ್ತಿ” ಎಂದರು ಹಿಂದೆಯೇ ಓಡಿಬಂದ ನಾಗಶ್ರೀ. “ಪ್ರೊಫೆಸರ್, ನೀವೂ ಬನ್ನಿ.” ನಾನೂ ಹಿಂದಿನ ಸೀಟಿಗೆ ತೂರಿಕೊಂಡೆ.

ಧನಗೆರೆಯಲ್ಲಿ ಕರೆಂಟು ಹೋಗಿ ಫ್ಯಾನು ನಿಂತಿತ್ತು. ಬಾಗಿಲು ತೆರೆದರೆ ಒಳಗೆ ಬೇಯುವ ಸೆಕೆ. ಹುಳುಗಳು ಎಲೆಯ ಮೇಲೆ ತಲೆಯೆತ್ತಿಕೊಂಡು ಅಲ್ಲಾಡದೆ ಇದ್ದವು. ನುಗ್ಗಹೊರಟ ಪ್ರೊಫೆಸರನ್ನು ಸದಾಶಿವಣ್ಣ ಎದೆಗೆ ಕೈಕೊಟ್ಟು ತಡೆದರು. ಆ ಮನುಷ್ಯನಲ್ಲಿ ಅಂಥ ಗತ್ತನ್ನು ನಾನು ಎಂದೂ ಕಂಡಿರಲಿಲ್ಲ.

“ಚಪ್ಲಿ ಬುಡಿ ಸಾ. ಕಾಲು ತೊಳ್ದು ಸುಣ್ಣ ಮೆಟ್ಕಂಡು ಬನ್ನಿ. ಯಾರಾದ್ರೂ ಸರಿಯೆ.”

ಹೊರಗಿನ ಧೂಳು ಒಳಗೆ ಹೋದರೆ ಹುಳುವಿಗೆ ರೋಗ. ಪ್ರೊಫೆಸರು ಪ್ಯಾಂಟು ಮಡಚಿ ಸುಣ್ಣದ ಪುಡಿಯಲ್ಲಿ ಕಾಲಿಟ್ಟರು. ಆಮೇಲಿನ ಅರ್ಧ ಗಂಟೆ ಸರ್ಕಾರವೂ ವಿಜ್ಞಾನವೂ ಬಾವಿಕಟ್ಟೆಯಿಂದ ನೀರು ಹೊತ್ತವು. ನಾಗಶ್ರೀ ಸೆರಗು ಸಿಕ್ಕಿಸಿಕೊಂಡು ಕಿಟಕಿಗಳಿಗೆ ಒದ್ದೆ ಗೋಣಿ ಕಟ್ಟಿದರು. ನಾನು ಹಂಚಿನ ಮೇಲೆ ನೀರು ಸುರಿದೆ. ಸದಾಶಿವಣ್ಣ ಎರಡೂ ಕೈಯಲ್ಲಿ ಮೊರ ಹಿಡಿದು, ಹುಳು ಹರಡಿದ್ದ ಒಂದು ಅಟ್ಟಣಿಗೆಯಿಂದ ಇನ್ನೊಂದಕ್ಕೆ ಗಾಳಿ ಬೀಸುತ್ತಾ, “ತಿನ್ರವ್ವಾ, ಒಂದ್ ಬಾಯಿ ತಿನ್ರವ್ವಾ” ಎಂದು ಬೇಡಿಕೊಳ್ಳುತ್ತಿದ್ದರು.

ಸ್ವಲ್ಪ ಹೊತ್ತಿಗೆ ಒಂದು ಮೂಲೆಯಿಂದ ಸದ್ದು ಶುರುವಾಯಿತು. ಪ್ರೊಫೆಸರು ತುಟಿಯ ಮೇಲೆ ಬೆರಳಿಟ್ಟುಕೊಂಡು, ಮಗುವಿನ ಹಾಗೆ ಬಾಯಿ ಬಿಟ್ಟು ಕೇಳಿದರು.

“ಎಲ್ಲಾ ಮೇಯ್ತಾ ಅವೆ!” ಎಂದರು ಸದಾಶಿವಣ್ಣ.

ಅಷ್ಟು ಹೊತ್ತಿಗೆ ಶಾಂತಮೂರ್ತಿಯ ಗೂಡ್ಸ್ ಆಟೋ ಅಂಗಳಕ್ಕೆ ನುಗ್ಗಿತು. ಪುಟ್ಟಬಸಮ್ಮ ಇಳಿದು, ಕಾಲು ತೊಳೆದು, ಸುಣ್ಣ ಮೆಟ್ಟಿ, ಯಾರನ್ನೂ ನೋಡದೆ ಬಾಗಿಲಲ್ಲಿ ಕಣ್ಣು ಮುಚ್ಚಿ ನಿಂತರು.

“ಎಡಗಡೆ ಮೂರ್ನೆ ಅಟ್ಟಣಿಗೇಲಿ ಇನ್ನೂ ಬಾಯಿ ಆಕಿಲ್ಲ” ಎಂದರು. “ಅಲ್ಗಿನ್ನೊಂದ್ ಗೋಣಿ ಕಟ್ಟಿ.”

ಪ್ರೊಫೆಸರು ಓಡಿಹೋಗಿ ಮೂರನೆಯ ಅಟ್ಟಣಿಗೆಗೆ ಬಗ್ಗಿದರು. ಅಲ್ಲಿ ಹುಳುಗಳು ಇನ್ನೂ ತಲೆಯೆತ್ತಿಕೊಂಡೇ ಇದ್ದವು. ಉಳಿದ ಹನ್ನೊಂದರಲ್ಲೂ ಮೇಯುತ್ತಿದ್ದವು. ಅವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು.

ಗೋಣಿ ಕಟ್ಟಿ, ಅಲ್ಲೂ ಮೇವು ಶುರುವಾದ ಮೇಲೆ ಪೆಟ್ಟಿಗೆಯ ವಿಚಾರಣೆ ನಡೆಯಿತು. ನಾಗಶ್ರೀ ಮುಚ್ಚಳ ತೆಗೆದು ಸಿಮ್ಮನ್ನು ಹೊರಗೆಳೆದರು. “ಇದು ಯಾರ ಸಿಮ್?” ಎಂದರು. ಸದಾಶಿವಣ್ಣ ತಲೆ ತಗ್ಗಿಸಿಕೊಂಡು ನೆಲಕ್ಕೆ ಉತ್ತರ ಹೇಳಿದರು.

“ಅಂಗಾರೆ ನಾನ್ ಉಣ್ಸೆಮರದ ಇಚಾರ ಏಳಿದ್ದು...” ಎಂದ ಶಾಂತಮೂರ್ತಿ.

“ಉಳಕ್ಕೆ” ಎಂದೆ ನಾನು.

ಮಹಾದೇವಮ್ಮ ನಗಲಿಲ್ಲ. “ಅಪ್ಪಾಜಿ ಅಲ್ವಾ?” ಎಂದು ಮೆಲ್ಲಗೆ ಕೇಳಿ ಪೆಟ್ಟಿಗೆಯನ್ನೇ ನೋಡುತ್ತಾ ನಿಂತಳು. ನನಗೆ ಆ ಕ್ಷಣ ಬಹಳ ಬೇಸರವಾಯಿತು. ಪುಟ್ಟಬಸಮ್ಮ ತಂಗಿಯ ಬೆನ್ನ ಮೇಲೆ ಕೈಯಿಟ್ಟು, “ಇನ್ಮೇಲೆ ನನ್ಗೆ ಫೋನ್ ಮಾಡು ಕಣವ್ವ, ಎತ್ತಿ ಕೇಳ್ತೀನಿ” ಎಂದರು. ಗಂಡನ ಕಡೆ ತಿರುಗಿದಾಗ ಆ ಮುಖವೇ ಬೇರೆಯಾಗಿತ್ತು. “ದೇವರ ಗೂಡಿಗೆ ಕೈ ಆಕಿದ್ರಾ?” ಎಂದಷ್ಟೇ ಕೇಳಿದರು. ಅವರು ಬೈದಿದ್ದರೆ ಸದಾಶಿವಣ್ಣ ಬದುಕಿಕೊಳ್ಳುತ್ತಿದ್ದರು.

“ಸದಾಶಿವಪ್ಪನವರೇ” ಎಂದರು ನಾಗಶ್ರೀ. “ಸೆಕೆಯಾದರೆ ಫೋನ್ ಮಾಡುವ ಯಂತ್ರ ಪೇಟೆಯಲ್ಲಿ ಆಗಲೇ ಸಿಗುತ್ತದೆ. ಇದಕ್ಕೆ ಅನುದಾನ ಕೊಡಲು ಬರುವುದಿಲ್ಲ.”

ಸದಾಶಿವಣ್ಣ ತಲೆಯಾಡಿಸಿದರು.

“ಆದರೆ ಹುಳು ಮೇಯುವುದನ್ನು ಕೇಳಿ, ಯಾವ ಅಟ್ಟಣಿಗೆಯಲ್ಲಿ ಮೇಯುತ್ತಿಲ್ಲ ಅಂತ ಹೇಳುವ ಯಂತ್ರ ನನಗೆ ತಿಳಿದಂತೆ ಯಾರೂ ಮಾಡಿಲ್ಲ. ಆ ಕಿವಿ ಇವರ ಹತ್ತಿರ ಇದೆ. ಅಷ್ಟು ದೂರದಲ್ಲಿದ್ದ ಆ ಕಿವಿಗೆ ಹುಳುವಿನ ಸದ್ದು ಮುಟ್ಟಿಸಿದ್ದು ನಿಮ್ಮ ಪೆಟ್ಟಿಗೆ. ಎಂಜಿನಿಯರುಗಳನ್ನು ಕಳಿಸಿಕೊಡ್ತೀನಿ. ಅಮ್ಮ, ನೀವು ಅವರಿಗೆ ಕಲಿಸ್ತೀರಾ?”

“ಇದೇನ್ ದೊಡ್ಡದು ಮೇಡಮ್ಮೋರೆ” ಎಂದರು ಪುಟ್ಟಬಸಮ್ಮ. “ಉಳ ಸಾಕೋ ಎಂಗುಸ್ರೆಲ್ಲಾ ಕೇಳುಸ್ಕತಾರೆ.”

“ಇದುವರೆಗೆ ಯಾರೂ ನಿಮ್ಮನ್ನು ಕೇಳಲಿಲ್ಲ ನೋಡಿ” ಎಂದರು ನಾಗಶ್ರೀ.

“ಅರ್ಜೀಲಿ ನನ್ನೆಸ್ರು ಒಡ್ದಾಕಿ ಮೇಡಮ್ಮೋರೆ” ಎಂದರು ಸದಾಶಿವಣ್ಣ, ಎಲ್ಲರಿಗೂ ಕೇಳುವ ಹಾಗೆ. “ಪುಟ್ಟಬಸಮ್ಮ ಅಂತ ಬರ್ಕಳಿ. ನಾನು ತಂತಿ ಜೋಡ್ಸೋನು.”

ಪುಟ್ಟಬಸಮ್ಮ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. “ಗೂಡು ಕಟ್ಲಿ, ಆಮೇಲ್ ನೋಡಾನ” ಎಂದು ಒಳಗೆ ಹೋದರು. ಸೊಪ್ಪಿನ ತೋಟ ಉಳಿಯುತ್ತದೋ ಇಲ್ಲವೋ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಗೂಡು ಚೆನ್ನಾಗಿಯೇ ಕಟ್ಟಿದವು. ಮಾರುಕಟ್ಟೆಗೂ ಹೋದವು. ತೋಟದ ಬಗ್ಗೆ ಪುಟ್ಟಬಸಮ್ಮನ ತೀರ್ಪು ಮಾತ್ರ ಹೊರಬೀಳಲಿಲ್ಲ. ಸದಾಶಿವಣ್ಣ ಹದಿನೈದು ದಿನದಲ್ಲಿ ಇಳಿದುಹೋದರು. ಮಧ್ಯಾಹ್ನ ಮಲಗುವುದನ್ನೂ ಬಿಟ್ಟಿದ್ದರು. ಒಂದು ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ನನ್ನ ಅಂಗಡಿಗೆ ಬಂದರು. ಯೋಜನೆಯ ಒಪ್ಪಂದದ ಕಾಗದ ಬಂದಿತ್ತು. ಪುಟ್ಟಬಸಮ್ಮ ಸ್ಟೂಲಿನ ಮೇಲೆ ಕುಳಿತರು. ಸದಾಶಿವಣ್ಣ ಒಳಗೆ ಬರಲಾರದೆ ಮೆಟ್ಟಿಲ ಕೆಳಗೆ, ಬೀದಿ ಕಡೆ ಮುಖ ಮಾಡಿಕೊಂಡು ನಿಂತರು.

“ಎಲ್ಲಾನೂ ಓದು” ಎಂದರು ಪುಟ್ಟಬಸಮ್ಮ. ನಾನು ಓದಿದೆ. ಅಪ್ಪಟ ಸರ್ಕಾರಿ ಕನ್ನಡ, ನನಗೇ ಎರಡು ಕಡೆ ಉಸಿರು ಸಾಲಲಿಲ್ಲ. ಒಂಬತ್ತನೆಯ ಷರತ್ತಿಗೆ ಬಂದಾಗ ನಾನು ತಡವರಿಸಿದೆ. ಬೀದಿ ಕಡೆ ನೋಡುತ್ತಿದ್ದ ಬೆನ್ನು ನೆಟ್ಟಗಾಯಿತು.

“ಫಲಾನುಭವಿಯು ಒಪ್ಪಂದದ ದಿನಾಂಕದಿಂದ ಮೂರು ವರ್ಷಗಳ ಕಾಲ ಕಡ್ಡಾಯವಾಗಿ ರೇಷ್ಮೆಹುಳು ಸಾಕಾಣಿಕೆಯನ್ನು ಮುಂದುವರಿಸತಕ್ಕದ್ದು” ಎಂದು ಓದಿ, ಕಾಗದದಿಂದ ಕಣ್ಣೆತ್ತಲಿಲ್ಲ.

ಪುಟ್ಟಬಸಮ್ಮ ಕೈಚಾಚಿ ಕಾಗದವನ್ನು ತಮ್ಮ ಕಡೆ ಎಳೆದುಕೊಂಡರು.

“ಮೂರೇ ವರ್ಸಾನಾ?” ಎಂದರು. “ಅದೇನು ಮೂರೇ ವರ್ಸಕ್ಕೆ ಬರ್ಸ್ಕತಾರೆ? ಎಲ್ ಸೈನ್ ಆಕ್ಬೇಕು ತೋರ್ಸು.”

ತೋರಿಸಿದೆ. ಅವರು ಒಂದೊಂದೇ ಅಕ್ಷರವನ್ನು ಒತ್ತಿ ಒತ್ತಿ ಬರೆದರು. ಮೆಟ್ಟಿಲ ಕೆಳಗೆ ಸದಾಶಿವಣ್ಣ ಹೆಗಲ ಮೇಲಿನ ಟವೆಲ್ಲನ್ನು ಮುಖಕ್ಕೆ ಒತ್ತಿ ಹಿಡಿದಿದ್ದರು. ಬೀದಿಯಲ್ಲಿ ಧೂಳು ಎಂದು ನನಗೆ ಹೇಳಿದರು. ಹಿಂದಿನ ದಿನ ಮಳೆ ಬಂದು ಧೂಳೆಲ್ಲ ಅಡಗಿತ್ತು. ನಾನು ಹೌದಣ್ಣ ಎಂದೆ.

ಪುಟ್ಟಬಸಮ್ಮ ಮೆಟ್ಟಿಲಿಳಿದು ಅವರ ಪಕ್ಕದಲ್ಲಿ ಒಂದು ಗಳಿಗೆ ನಿಂತರು.

“ಅತ್ತಿದ್ ಸಾಕು ನಡೀರಿ” ಎಂದರು. “ಸೊಪ್ಪಿಗೆ ನೀರ್ ಕಟ್ಬೇಕು.”